ಕರೆಂಟಿನ ಯೋಜನೆ ಮತ್ತು ನಮ್ಮ ಪ್ರಶ್ನೆ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಹಾಲಿನ ಸಂಘದ ಬೆಳ್ಳಿಹಬ್ಬದಲ್ಲಿ ಕರೆಂಟಿನ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ಕಾರಣ ಇದೆ. ಬಿಸಿಲು, ಗಾಳಿಯಿಂದ ವಿದ್ಯುತ್ ತೆಗೆಯುವ ಯೋಜನೆಗಳು ಈಗ ಹಳ್ಳಿಯ ಜಮೀನಿಗೇ ಬರುತ್ತಿವೆ. ಅವುಗಳ ಲೆಕ್ಕ ಹಾಕುವವರು ಪಟ್ಟಣದ ತಜ್ಞರು. ಅವರು ಹಳ್ಳಿಯವರನ್ನು ಕೇಳಿದರೇ, ಹಳ್ಳಿಯವರು ಬಾಯಿಬಿಟ್ಟು ಹೇಳಿದರೇ ಎಂಬುದರ ಮೇಲೆ ಯೋಜನೆಯ ಒಳಿತು ಕೆಡುಕು ನಿಂತಿದೆ. ಇದಕ್ಕೆ ನಮ್ಮ ನಾಡಿನದೇ ಉದಾಹರಣೆ ಕೊಡುತ್ತೇವೆ.

ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಕಡೆ, ಪ್ರಾಧ್ಯಾಪಕರಾಗಿದ್ದರು. ಕಲಿತ ವಿದ್ಯೆ ಹಳ್ಳಿಗೂ ಮುಟ್ಟಬೇಕೆಂದು 1974ರಲ್ಲಿ 'ಅಸ್ತ್ರ' ಎಂಬ ಕಾರ್ಯಕ್ರಮವನ್ನು ಅಲ್ಲಿ ಆರಂಭಿಸಿದರು. 2006ರಲ್ಲಿ ತೀರಿಕೊಂಡರು.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರ ತಂಡ ಇಡೀ ಊರಿಗೆ ಸೇರಿದ ಗೋಬರ್ ಗ್ಯಾಸ್ ಘಟಕ ಕಟ್ಟಿತು. ಮನೆಮನೆಯ ಒಲೆಗೂ ಗ್ಯಾಸ್ ಕೊಡಬೇಕೆಂಬುದು ಮೊದಲಿನ ಯೋಚನೆ. ಆದರೆ ಊರಿನ ಸೆಗಣಿಯಿಂದ ಅಷ್ಟು ಗ್ಯಾಸ್ ಹುಟ್ಟಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ತಜ್ಞರು ತಮ್ಮ ನಕ್ಷೆಯನ್ನೇ ಬದಲಿಸಿದರು. 1987ರಿಂದ ಅದೇ ಗ್ಯಾಸಿಗೆ ಒಂದಿಷ್ಟು ಡೀಸೆಲ್ ಸೇರಿಸಿ ಇಂಜಿನ್ ಓಡಿಸಿ, ಕರೆಂಟು ಮಾಡಿ, ಬೋರ್‌ವೆಲ್ಲಿನಿಂದ ನೀರೆತ್ತಿ ನಲ್ಲಿಗೆ ಬಿಟ್ಟರು. ಮನೆಗಳಿಗೆ ದೀಪವೂ ಬಂತು.

ಡೇರಿಯಲ್ಲಿ ಹಾಲು ಅಳೆದು ಬರೆಸುವ ಹಾಗೆ ಅಲ್ಲಿ ಸೆಗಣಿ ತೂಗಿ ಬರೆಸುತ್ತಿದ್ದರು. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರಕ್ಕೆ ಅವರವರಿಗೇ ವಾಪಸ್. ತಂದು ಹಾಕಿದವರಿಗೆ ಕಾಸೂ ಸಿಗುತ್ತಿತ್ತು. ಘಟಕ ನಡೆಸಿದವರು ಊರಿನ ಹುಡುಗರು, ಮೇಲ್ವಿಚಾರಣೆ ಊರಿನ ಸಮಿತಿಯದು. ಸಹಕಾರ ಅಂದರೆ ಇದೇ ಅಲ್ಲವೇ?

ರೆಡ್ಡಿಯವರು ಇದೇ ಕಣ್ಣಿನಿಂದ ರಾಜ್ಯವನ್ನೂ ನೋಡಿದರು. ಜನಕ್ಕೆ ಬೇಕಾದ್ದು ಬೆಳಕು, ನೀರು, ಬೆಂದ ಅನ್ನ; ಬರೀ ಯೂನಿಟ್ಟು ಕಟ್ಟಿಕೊಂಡು ಯಾರೇನು ಮಾಡುತ್ತಾರೆ ಎಂಬುದು ಅವರ ವಿಚಾರದ ತಿರುಳು. 2000ನೇ ಇಸವಿಗೆ ಕರ್ನಾಟಕಕ್ಕೆ ಸುಮಾರು 9,400 ಮೆಗಾವಾಟ್ ಬೇಕೆಂದು 1987ರಲ್ಲಿ ಸರಕಾರಿ ಸಮಿತಿಯೊಂದು ಅಂದಾಜು ಮಾಡಿತ್ತು. ರೆಡ್ಡಿಯವರ ತಂಡ ಬೇರೆ ಲೆಕ್ಕ ಕೊಟ್ಟಿತು: ಕರೆಂಟು ಕಡಿಮೆ ಎಳೆಯುವ ದೀಪ, ಒಳ್ಳೆಯ ಪಂಪ್‌ಸೆಟ್ಟು, ಬಿಸಿಲಿನಲ್ಲಿ ನೀರು ಕಾಯಿಸುವ ಏರ್ಪಾಡು ಇವಿದ್ದರೆ, ಎಲ್ಲ ಮನೆಗೂ ಕರೆಂಟು ಕೊಟ್ಟೂ ಸುಮಾರು 4,000 ಮೆಗಾವಾಟ್ ಸಾಕು. ಉಳಿಸಿದ ಕರೆಂಟು ಹುಟ್ಟಿಸಿದ ಕರೆಂಟಿಗೆ ಸಮ ಎಂಬುದನ್ನು ಅಂಕಿಯಲ್ಲಿ ತೋರಿಸಿದರು.

ಈಗ ಅದೇ ತುಮಕೂರು ಜಿಲ್ಲೆಯ ಪಾವಗಡಕ್ಕೆ ಬನ್ನಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. 2019ರ ಕೊನೆಗೆ ಪೂರ್ತಿಯಾಯಿತು. ಯೋಜಕರು ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು. ಒಡೆತನ ರೈತನಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಮಳೆ ಕೈಕೊಡುವ ಸೀಮೆಗೆ ಇದು ಸಣ್ಣ ಮಾತಲ್ಲ, ಮೆಚ್ಚಲೇಬೇಕು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಜಮೀನಿಲ್ಲದವರಿಗೆ ಯಾವ ಬಾಡಿಗೆ? ಕುರಿ ಮೇಯಿಸುತ್ತಿದ್ದವರಿಗೆ ಯಾವ ಗುತ್ತಿಗೆ? ಜಮೀನಿನ ಲೆಕ್ಕ ಹಾಕುವಾಗ ಇವರ ಲೆಕ್ಕ ಹಿಂದೆ ಬಿತ್ತು.

ಬಂಧುಗಳೇ, ಸೋಲಾರ್ ಬೇಡ ಎಂದು ನಾವು ಹೇಳುತ್ತಿಲ್ಲ. ಕಲ್ಲಿದ್ದಲ ಹೊಗೆಗಿಂತ ಬಿಸಿಲು ಮೇಲು. ಆದರೆ ಯಾರಾದರೂ ಯೋಜನೆ ಹಿಡಿದು ನಮ್ಮೂರಿಗೆ ಬಂದರೆ ಒಬ್ಬೊಬ್ಬರೇ ಹೋಗಿ ರುಜು ಹಾಕಬೇಡಿ. ಸಭೆ ಕರೆಯಿರಿ, ಕೇಳಿರಿ. ಗುತ್ತಿಗೆ ಎಷ್ಟು ವರ್ಷ? ಬಾಡಿಗೆ ಏರುತ್ತದೆಯೇ? ದನ ಎಲ್ಲಿ ಮೇಯಬೇಕು? ಜಮೀನಿಲ್ಲದ ಮನೆಗೆ ಏನು ಕೆಲಸ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.

ಫ್ಯಾಟು ಒಂದು ಪಾಯಿಂಟು ಕಮ್ಮಿ ಬಂದರೂ ಕಾರ್ಯದರ್ಶಿಯವರನ್ನು ನಿಲ್ಲಿಸಿ ಕೇಳುವವರು ನಾವು. 25 ವರ್ಷ ಹೀಗೆ ಕೇಳಿ ಕೇಳಿಯೇ ಈ ಸಂಘ ಬೆಳೆದಿದೆ. ಆ ಬಾಯಿ ದೊಡ್ಡ ಯೋಜನೆಯ ಮುಂದೆಯೂ ಕಟ್ಟದಿರಲಿ ಎಂದು ಹಾರೈಸುತ್ತೇವೆ.