ಹಿಟ್ಟಿನಲ್ಲಿ ಹುಳವೇ? ಮೈಕ್ರೋವೇವ್ ಪರಿಹಾರವಲ್ಲ
(ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಮಾಹಿತಿ)



ಕಾಪು, ಕಾರ್ಕಳದ ಮಳೆಗಾಲ ನಿಮಗೆ ಗೊತ್ತಿರುವುದೇ. ಜುಲೈ ಬಂತೆಂದರೆ ಅಕ್ಕಿ, ರವೆ, ರಾಗಿ ಹಿಟ್ಟಿನ ಡಬ್ಬದೊಳಗೆ ಬಲೆ ಕಟ್ಟಿರುತ್ತದೆ. ಸಂಘದಿಂದ ಮಾರಿದ ಒಂದೇ ಪ್ಯಾಕೆಟಿನಲ್ಲಿ ಹುಳ ಕಂಡರೂ ಸಾಕು, ಗಿರಾಕಿ ಮತ್ತೆ ಬರುವುದಿಲ್ಲ.

ಆ ಬಲೆ ಜೇಡನದ್ದಲ್ಲ, ಅಕ್ಕಿ ಪತಂಗದ ಮರಿಹುಳ ಬಿಟ್ಟ ನೂಲು. ಹಾರಾಡುವ ಬೂದು ಪತಂಗ ಕಾಳು ತಿನ್ನುವುದಿಲ್ಲ. ಕೆಲವೇ ದಿನ ಬದುಕಿ ನೂರಾರು ಮೊಟ್ಟೆ ಇಡುತ್ತದೆ. ತಿನ್ನುವುದೆಲ್ಲ ಹುಳವೇ. ಆದ್ದರಿಂದ ಪತಂಗ ಹೊಡೆದರೆ ಕೆಲಸ ಮುಗಿಯಲಿಲ್ಲ.

"ಮಣಿಪಾಲದ ಮಗಳ ಮನೆಯಲ್ಲಿ ಮೈಕ್ರೋವೇವ್ ಉಂಟು, ಅದರಲ್ಲಿಟ್ಟರೆ ಆಗ್ಲಿಕ್ಕಿಲ್ವಾ ಅಕ್ಕ?" ಅಂತ ಕೇಳ್ತೀರಿ. ಬೇಡ. ಅದರ ಬಿಸಿ ಸಮನಾಗಿ ಹರಡುವುದಿಲ್ಲ. ಒಂದು ಕಡೆ ಹಿಟ್ಟು ಕರಟುತ್ತದೆ, ಇನ್ನೊಂದು ಕಡೆ ಮೊಟ್ಟೆ ಉಳಿಯಬಹುದು. ಪ್ಯಾಕೆಟಿಗೆ ಹೊಡೆದ ಪಿನ್ನಿನಿಂದಲೂ ಕಿಡಿ ಹಾರಬಹುದು. ಸ್ಟೀಲ್ ಪಾತ್ರೆ ಇಡಲೇಬಾರದು. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ, ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. ಮೊದಲು ಸ್ವಿಚ್ ಆಫ್ ಮಾಡಿ.

ಹಾಗಾದರೆ ಏನು ಮಾಡುವುದು?

* ಹುಳ ಬಿದ್ದದ್ದನ್ನು ಮಾರಬೇಡಿ.
* ಹೊಸ ರವೆಯನ್ನು ಬಾಣಲೆಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಬಿಗಿ ಡಬ್ಬಕ್ಕೆ ತುಂಬಿಸಿ.
* ಹಿಟ್ಟನ್ನು ಗಟ್ಟಿಯಾಗಿ ಕಟ್ಟಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಚಳಿ ಬಿಡುವವರೆಗೆ ಕಟ್ಟು ಬಿಚ್ಚಬೇಡಿ, ಪಸೆ ಹಿಡಿಯುತ್ತದೆ.
* ಡಬ್ಬದ ಮೂಲೆ, ಮುಚ್ಚಳದ ಸಂದು ತೊಳೆದು ಒಣಗಿಸಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ.

ಪ್ಯಾಕೆಟಿನ ಮೇಲಿರುವುದು ನಮ್ಮ ಸಂಘದ ಹೆಸರು. ಅದನ್ನು ಉಳಿಸಿಕೊಳ್ಳುವ ಕೆಲಸವೂ ನಮ್ಮದೇ.