ಹಳೆಯ ಗಣಕಯಂತ್ರ: ಎಸೆಯುವ ಮುನ್ನ, ಜಾಲಕ್ಕೆ ಜೋಡಿಸುವ ಮುನ್ನ



ಮೈಸೂರಿನ ಸರಸ್ವತಿಪುರಂ ಕುಕ್ಕರಹಳ್ಳಿ ಕೆರೆಗೂ ಮಾನಸಗಂಗೋತ್ರಿಗೂ ಸಮೀಪದ ಬಡಾವಣೆ. ನಿವೃತ್ತ ಅಧ್ಯಾಪಕರ ಮನೆಗಳೂ ಕೊಡಗು, ಮಲೆನಾಡುಗಳಿಂದ ಓದಲು ಬಂದ ಮಕ್ಕಳ ಬಾಡಿಗೆ ಕೋಣೆಗಳೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಇಂಥ ಮನೆಗಳಲ್ಲಿ ಎರಡು ದಶಕಗಳ ಹಿಂದೆ ಕೊಂಡ ಗಣಕಯಂತ್ರವೊಂದು ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿರುವುದು ಅಪರೂಪವಲ್ಲ. ಹೊಸದು ಬಂದೊಡನೆ ಹಳೆಯದು ಗುಜರಿಗೆ ಸೇರುತ್ತದೆ. ಇಲ್ಲವೇ ಬೆಟ್ಟದ ಊರಿನ ಮನೆಗೋ ಶಾಲೆಗೋ ದಾನವಾಗಿ ಹೋಗುತ್ತದೆ. ಎರಡು ದಾರಿಗಳಲ್ಲಿಯೂ ಅಪಾಯವಿದೆ.

ಮೊದಲನೆಯದು ನೆಲ-ಜಲಗಳ ಅಪಾಯ. ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಯಿತು. ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದದ್ದು ಶೇ. 22.3 ಮಾತ್ರ. ಹಳೆಯ ದಪ್ಪ ಪರದೆಯ ಗಾಜಿನಲ್ಲಿ ಸೀಸವಿದೆ. ತಾಮ್ರದ ಆಸೆಗೆ ತಂತಿಗಳನ್ನು ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಗಾಳಿಗೆ ಸೇರುತ್ತದೆ. ಆದುದರಿಂದ ಯಂತ್ರದ ಆಯುಷ್ಯವನ್ನು ಹೆಚ್ಚಿಸುವುದೇ ಮೊದಲ ಪರಿಸರಧರ್ಮ.

ಆದರೆ ಆಯುಷ್ಯ ಹೆಚ್ಚಿಸುವುದೆಂದರೆ ಇದ್ದಂತೆಯೇ ಅಂತರ್ಜಾಲಕ್ಕೆ ಜೋಡಿಸುವುದಲ್ಲ. ಇದು ಎರಡನೆಯ ಅಪಾಯ. 2001ರ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ತಯಾರಕರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಬೆಂಬಲ ನಿಂತ ಮೇಲೆ ಕಂಡುಬರುವ ಬಿರುಕುಗಳಿಗೆ ತೇಪೆ ಹಾಕುವವರಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ಬಿರುಕಿಗೆ ತೇಪೆ ಎರಡು ತಿಂಗಳ ಹಿಂದೆಯೇ ಬಂದಿತ್ತು. ಅದನ್ನು ಹಾಕಿಕೊಳ್ಳದ ಯಂತ್ರಗಳು ಬಲಿಯಾದವು. ವೈರಸ್ ನಿರೋಧಕ ತಂತ್ರಾಂಶವೊಂದೇ ಈ ಕೊರತೆಯನ್ನು ತುಂಬಲಾರದು.

ಹಾಗಾದರೆ ಮಾಡಬೇಕಾದುದೇನು? ಹಳೆಯ ವ್ಯವಸ್ಥೆಯೇ ಬೇಕೆಂದಾದರೆ ಜಾಲದ ತಂತಿಯನ್ನು ಕಿತ್ತು, ಬರವಣಿಗೆಗೆ, ಲೆಕ್ಕಕ್ಕೆ, ಮಕ್ಕಳ ಕಲಿಕೆಗೆ ಬಳಸಬಹುದು. ಜಾಲ ಬೇಕೆಂದಾದರೆ ಡೆಬಿಯನ್‌ನಂಥ ಮುಕ್ತ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಬೇಕು. ತೀರ ಹಳೆಯ 32 ಬಿಟ್ ಯಂತ್ರಗಳಿಗೆ ಇಲ್ಲೊಂದು ಮಿತಿಯಿದೆ: 2025ರಲ್ಲಿ ಬಂದ ಡೆಬಿಯನ್ 13 ಅವುಗಳಿಗೆ ಅನುಸ್ಥಾಪಕವನ್ನು ಒದಗಿಸುವುದಿಲ್ಲ. ಯಾವ ವ್ಯವಸ್ಥೆಯೇ ಆಗಲಿ, ರೂಟರ್‌ನ ಮೂಲ ಗುಪ್ತಪದವನ್ನು ಬದಲಿಸುವುದೂ ಬ್ಯಾಂಕಿನ ವ್ಯವಹಾರವನ್ನು ಬೆಂಬಲ ಮುಗಿದ ಯಂತ್ರದಲ್ಲಿ ಮಾಡದಿರುವುದೂ ಕಡ್ಡಾಯ.

ವ್ಯವಸ್ಥೆಯನ್ನು ಬದಲಿಸುವ ಮುನ್ನ ಒಂದು ಎಚ್ಚರಿಕೆ. ಆ ಕಾಲದ ನುಡಿ, ಬರಹ ತಂತ್ರಾಂಶಗಳ ಅಕ್ಷರಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳು ಆ ಫಾಂಟ್‌ಗಳಿಲ್ಲದೆ ಅರ್ಥವಿಲ್ಲದ ಗೀಚಾಗಿ ಕಾಣುತ್ತವೆ. ಊರಿನ ಸಸ್ಯಗಳ ಪಟ್ಟಿ, ಅಜ್ಜಿ ಹೇಳಿದ ಮದ್ದಿನ ಟಿಪ್ಪಣಿ, ಹಳೆಯ ಮನವಿಪತ್ರ ಇವೆಲ್ಲ ಅಂಥ ಕಡತಗಳಲ್ಲಿರಬಹುದು. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಎರಡು ಕಡೆ ಪ್ರತಿ ಇಟ್ಟ ಮೇಲೆಯೇ ಮುಂದಿನ ಕೆಲಸ.

ದೇಹದ ಆರೈಕೆಯೂ ಮುಖ್ಯ. ವರ್ಷಕ್ಕೊಮ್ಮೆಯಾದರೂ ವಿದ್ಯುತ್ ಸಂಪರ್ಕ ತಪ್ಪಿಸಿ, ಪಂಖದ ಧೂಳನ್ನು ಮೃದು ಕುಂಚದಿಂದ ತೆಗೆಯಬೇಕು. ಗಡಿಯಾರ ಹಿಂದಕ್ಕೆ ಹೋದರೆ ಸುರಕ್ಷಿತ ತಾಣಗಳು ತೆರೆಯುವುದಿಲ್ಲ. ಒಳಗಿನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿಯನ್ನು ಬದಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಲೆನಾಡಿನ ಸಿಡಿಲು ವಿದ್ಯುತ್ ತಂತಿಯಲ್ಲಷ್ಟೇ ಅಲ್ಲ, ದೂರವಾಣಿ ತಂತಿಯಲ್ಲಿಯೂ ಹರಿದು ಬರುತ್ತದೆ. ಗುಡುಗು ಕೇಳುವ ಮೊದಲೇ ಎರಡನ್ನೂ ಕಿತ್ತಿಡುವುದು ಲೇಸು.

ರಿಪೇರಿಗೆ ನಿಲುಕದ ಯಂತ್ರವನ್ನು ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸಬೇಕು. ಭಾರತದಲ್ಲಿ ಇದಕ್ಕೆ 2012ರಿಂದ ನಿಯಮಗಳಿವೆ, 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಯಲ್ಲಿವೆ. ಒಪ್ಪಿಸುವ ಮುನ್ನ ತಟ್ಟೆಯಲ್ಲಿರುವುದನ್ನು ಪೂರ್ಣ ಅಳಿಸಬೇಕು. ಇನ್ನು ನಗರದಿಂದ ಬೆಟ್ಟದ ಶಾಲೆಗೆ ಯಂತ್ರವನ್ನು ಕೊಡುವವರು ಮೂರು ಪ್ರಶ್ನೆಗಳಿಗೆ ಉತ್ತರಿಸಿ ಕೊಡಲಿ: ಇದರ ವ್ಯವಸ್ಥೆಗೆ ಬೆಂಬಲ ಯಾವಾಗಿನವರೆಗೆ? ಕೆಟ್ಟರೆ ಸರಿಪಡಿಸುವವರು ಯಾರು? ಕೊನೆಗೆ ಇದನ್ನು ಮರಳಿ ಒಯ್ಯುವವರು ಯಾರು? ಈ ಉತ್ತರಗಳಿಲ್ಲದ ದಾನ, ಪೇಟೆಯ ಕಸವನ್ನು ಬೆಟ್ಟಕ್ಕೆ ಸಾಗಿಸುವ ಕೆಲಸವಷ್ಟೇ ಆಗುತ್ತದೆ.