ಆನ್‌ಲೈನ್ ಕ್ಲಾಸಾ, ಕಾಲೇಜಾ? ಬಸ್‌ಸ್ಟ್ಯಾಂಡಲ್ಲಿ ಕೇಳಿ ನೋಡಿ

ಆನ್‌ಲೈನ್ ಕ್ಲಾಸ್ ಒಳ್ಳೇದಾ, ಕಾಲೇಜಿಗೆ ಹೋಗೋದು ಒಳ್ಳೇದಾ? ಬೆಂಗಳೂರಲ್ಲಿ ಕೇಳಿದ್ರೆ ಟ್ರಾಫಿಕ್ ಮಾತು ಬರುತ್ತೆ. ನಮ್ಮ ಅರಸೀಕೆರೆ, ಬೇಲೂರು, ಹಳೇಬೀಡು ಕಡೆ ಕೇಳಿದ್ರೆ ಬಸ್ಸು ಮತ್ತು ಫೋನಿನ ಮಾತು.

ನಾನು ಹಳೇಬೀಡು ಹತ್ತಿರದ ಹಳ್ಳಿಯವಳು. 2020ರ ಮಾರ್ಚಲ್ಲಿ ಲಾಕ್‌ಡೌನ್ ಆದಾಗ ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಮನೇಲಿ ಸ್ಮಾರ್ಟ್‌ಫೋನ್ ಇದ್ದಿದ್ದು ಒಂದೇ, ಅಪ್ಪಂದು. ಅಪ್ಪ ತೋಟಕ್ಕೆ ಹೋದ್ರೆ ಫೋನೂ ತೋಟಕ್ಕೆ. ಅದು ಮನೇಲಿದ್ದಾಗ ತಮ್ಮನ ಕ್ಲಾಸ್ ಮೊದಲು, ನಂದು ಆಮೇಲೆ. ಹಾಗಂತ ಯಾರೂ ತೀರ್ಮಾನ ಮಾಡಿರಲಿಲ್ಲ, ಹಾಗೇ ನಡೀತಿತ್ತು. ಕ್ಲಾಸ್ ಮಧ್ಯದಲ್ಲೇ ಅಮ್ಮ, 'ಮನೇಲೇ ಇದೀಯಲ್ಲ, ಡೈರಿಗೆ ಹಾಲು ಹಾಕಿ ಬಾರೇ' ಅನ್ನೋರು. ಕಾಲೇಜಿಗೆ ಹೋಗ್ತಿದ್ದಾಗ ಆ ಮಾತು ಬರ್ತಿರಲಿಲ್ಲ. ಬಸ್ ಹತ್ತಿದ ಮೇಲೆ ಸಂಜೆವರೆಗಿನ ಹೊತ್ತು ನಂದು.

ಈಚೆಗೆ ಮೂರೂ ಊರಿನ ಬಸ್‌ಸ್ಟ್ಯಾಂಡಲ್ಲಿ ಹುಡುಗ ಹುಡುಗಿಯರನ್ನ ಮಾತಾಡಿಸಿದೆ. ಅರಸೀಕೆರೆಯಲ್ಲಿ ಅಂಗಡಿ ಕೆಲಸಕ್ಕೂ ಹೋಗೋ ಹುಡುಗರಿಗೆ ರೆಕಾರ್ಡಿಂಗ್ ಬೇಕು, ರಾತ್ರಿ ಕೂತು ನೋಡ್ತಾರಂತೆ. ಸೈನ್ಸ್ ಓದೋರು ಲ್ಯಾಬ್ ಬಿಟ್ಟು ಬೇರೆ ಮಾತಿಲ್ಲ ಅಂದ್ರು. ಬೇಲೂರಲ್ಲಿ ಸಿಕ್ಕ ಅರೇಹಳ್ಳಿ ಕಡೆಯೋರು, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಯ್ತು ಅಂತ ನಕ್ಕರು. ಒಬ್ಬಳು ಮಾತ್ರ ಆನ್‌ಲೈನೇ ಇಷ್ಟ ಅಂದಳು. ಕ್ಲಾಸಲ್ಲಿ ಎದ್ದು ನಿಂತು ಡೌಟ್ ಕೇಳೋಕೆ ನಾಚಿಕೆಯಂತೆ, ಚಾಟ್‌ನಲ್ಲಾದ್ರೆ ಟೈಪ್ ಮಾಡಬಹುದಂತೆ. ಅದೂ ನಿಜವೇ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಹುಡುಗಿಯರ ಮಟ್ಟಿಗೆ ಬಸ್ ಚಾರ್ಜಿನ ನೆಪ ಹೋಯ್ತು. ಸೀಟ್ ಸಿಗುತ್ತಾ ಅಂತ ಕೇಳಬೇಡಿ! ಹುಡುಗರು ಈಗಲೂ ಪಾಸ್ ಮಾಡಿಸಬೇಕು, ಅವರ ಗೊಣಗಾಟ ಬೇರೆ.

ಕೋವಿಡ್ ಮುಗೀತು, ಈಗ ಯಾಕೆ ಈ ಮಾತು ಅಂತೀರಾ? ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸ್‌ಗಳನ್ನ ಸ್ವಯಂ ಪೋರ್ಟಲ್‌ನಲ್ಲೇ ಮಾಡಬಹುದು. ಊರಲ್ಲಿ ಸಿಗದ ವಿಷಯ ಕಲಿಯೋಕೆ ಅದು ಒಳ್ಳೇದೇ. ಆದ್ರೆ ಅದನ್ನೇ ತೋರಿಸಿ ವಾರಕ್ಕೆ ಮೂರೇ ದಿನ ಕಾಲೇಜು ಅಂದ್ರೆ, ಉಳಿದ ದಿನ ಹುಡುಗಿ ಮನೆಕೆಲಸಕ್ಕೆ, ಹುಡುಗ ಫೋನ್ ಹಿಡ್ಕೊಂಡು ಕ್ಲಾಸಿಗೆ. ನನ್ನ ಪ್ರಕಾರ ಕ್ಲಾಸ್ ಕಾಲೇಜಲ್ಲೇ ನಡೀಲಿ, ಬಸ್ ತಪ್ಪಿದೋರಿಗೆ ರೆಕಾರ್ಡಿಂಗ್ ಹಾಕಲಿ.

ನಿಮ್ಮ ಮನೇಲಿ ಫೋನ್ ಮೊದಲು ಯಾರ ಕೈಗೆ ಹೋಗ್ತಿತ್ತು? ಒಂದು ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳೋಣ.